ನಾನು ತಪ್ಪಿಸಿಕೊಂಡ ಒಂದು ಪ್ರಶ್ನೆ

ಮೂವತ್ತೊಂದು ವರ್ಷ ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಪ್ರಶ್ನೆ ಕೇಳುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ನಿವೃತ್ತಿಯಾದ ಮೇಲೆ ನಮ್ಮ ಚರ್ಚಿನ ಸಭಾಪಾಲಕರು, ಮನೆಯಲ್ಲೊಂದು ಸಣ್ಣ ಬೈಬಲ್ ಕೂಟ ನಡೆಸುತ್ತೀರಾ ಎಂದು ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಒಳಗೊಳಗೇ ಬೀಗಿದೆ ಕೂಡ. ಕುಂದಾಪುರದ ನನ್ನ ಮನೆಯ ಚಾವಡಿಯಲ್ಲಿ ಮತ್ತೊಂದು ತರಗತಿ ಶುರುವಾಗುವುದಿತ್ತು.

ಕೂಟ ನಡೆಸುವವರಿಗೆ ಎರಡು ದಿನದ ತರಬೇತಿ ಇತ್ತು. ಉಪದೇಶ ಮಾಡಬೇಡಿ, ಪ್ರಶ್ನೆ ಕೇಳಿ, ಎಂದರು. ಕೇಳಿದ ಮೇಲೆ ನೀವೇ ಉತ್ತರ ಹೇಳಬೇಡಿ, ಎಷ್ಟು ಹೊತ್ತಾದರೂ ಕಾಯಿರಿ, ಎಂದರು. ಯಾರಾದರೂ ಮಾತಿನಲ್ಲಿ ಎಲ್ಲೆಲ್ಲಿಗೋ ಹೋದರೆ ಮೆಲ್ಲನೆ ಆ ದಿನ ಓದಿದ ಭಾಗಕ್ಕೇ ಕರೆತನ್ನಿ, ಎಂದರು. ನಾನು ಎಲ್ಲವನ್ನೂ ನೋಟ್ಸ್ ಮಾಡಿಕೊಂಡೆ. ಈ ಕೊನೆಯ ಮಾತಂತೂ ನನಗೆ ಬಹಳ ಹಿಡಿಸಿತು. ಬೆಳಕಿನ ಪಾಠ ನಡೆಯುವಾಗ ಕಪ್ಪೆಯ ವಿಚಾರ ಎತ್ತುವ ಮಕ್ಕಳನ್ನು ನಾನು ಯಾವತ್ತೂ ಸಹಿಸಿದವಳಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಕೂಟ. ಬರುತ್ತಿದ್ದವರು ಐದು ಜನ. ನಮ್ಮ ಬೀದಿಯ ಗಂಡ ಹೆಂಡತಿ, ಒಬ್ಬಳು ನರ್ಸ್, ಬೈಂದೂರಿನಿಂದ ಬಸ್ಸು ಹಿಡಿದು ಬರುವ ಒಬ್ಬ ನಿವೃತ್ತ ಕಂಡಕ್ಟರ್, ಮತ್ತೆ ಅವಳು. ಕಂಡಕ್ಟರರದ್ದು ಒಂದು ಚಾಳಿ. ನಾನು ಯಾವ ಪ್ರಶ್ನೆ ಕೇಳಿದರೂ "ದೇವರ ಪ್ರೀತಿ" ಎನ್ನುತ್ತಿದ್ದರು. ಓದಿದ ಭಾಗದಲ್ಲಿ ಬರುವ ಹಳ್ಳಿಯ ಹೆಸರೇನು ಎಂದು ಕೇಳಿದಾಗಲೂ ಹಾಗೇ ಅಂದು ಎಲ್ಲರನ್ನೂ ನಗಿಸಿದ್ದರು. ಅವಳೂ ಅವತ್ತು ನಕ್ಕಿದ್ದಳು.

ಅವಳು ಹಿಂದೆ ಹತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ತೆಕ್ಕಟ್ಟೆಯಲ್ಲಿ ಹೈವೇ ಪಕ್ಕ ಸಣ್ಣದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಹದಿಮೂರು ವರ್ಷದ ಆ ಹುಡುಗಿ ಜ್ವರ ತಲೆಗೇರಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಆ ಹನ್ನೊಂದು ದಿನವೂ ನಾವೆಲ್ಲ ಪ್ರಾರ್ಥನೆ ಮಾಡಿದ್ದೆವು. ನಾನಂತೂ ದಿನಾ ಬೆಳಿಗ್ಗೆ ಅವಳ ಫೋನಿಗೆ ಒಂದು ಮೆಸೇಜು ಹಾಕುತ್ತಿದ್ದೆ: ನಂಬಿಕೆ ಬಿಡಬೇಡ, ಮಗಳು ಎದ್ದು ಬರುತ್ತಾಳೆ.

ಅದಾದ ಮೇಲೆ ಅವಳು ಚರ್ಚಿಗೆ ಬರುವುದು ಬಿಟ್ಟಳು. ಎಂಟು ತಿಂಗಳ ನಂತರ ನಾನೇ ಅಂಗಡಿಗೆ ಹೋಗಿ ಕೂಟಕ್ಕೆ ಕರೆದೆ.

"ಬಾ ಮಾರಾಯ್ತಿ, ಯಾರೂ ಉಪದೇಶ ಮಾಡುದಿಲ್ಲೆ. ಬರೀ ಪ್ರಶ್ನೆ ಕೇಂತೆ, ಅಷ್ಟೇ."

"ಉತ್ತರ ಗೊತ್ತಿಲ್ದಿದ್ರೆ?"

"ಗೊತ್ತಿಲ್ದಿದ್ರೆ ಸುಮ್ನೆ ಕೂಕೋ."

ಬಂದಳು. ಮೊದಮೊದಲು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತಿಲ್ಲದೆ ಕೂತು ಹೋಗುತ್ತಿದ್ದಳು. ಒಂದೂವರೆ ತಿಂಗಳಾಗುವಾಗ ಒಂದೆರಡು ಮಾತು ಆಡತೊಡಗಿದಳು. ಪ್ರಶ್ನೆಗಳು ಕೆಲಸ ಮಾಡುತ್ತಿವೆ ಎಂದು ನಾನು ಸಭಾಪಾಲಕರ ಹತ್ತಿರ ಹೇಳಿಕೊಂಡೆ. ದೂರ ಹೋದ ಒಂದು ಜೀವವನ್ನು ನಾನು ವಾಪಸು ತರುತ್ತಿದ್ದೇನೆ ಎಂಬ ಹೆಮ್ಮೆ ನನಗೆ ತಲೆಯ ತನಕ ಏರಿತ್ತು.

ನಾವು ಯೇಸುವಿನ ಕಥೆಯಿರುವ ಒಂದು ಸುವಾರ್ತೆಯನ್ನು ಮೊದಲಿಂದ ಸಾಲಾಗಿ ಓದುತ್ತಿದ್ದೆವು. ಮುಂದಿನ ಗುರುವಾರದ ಭಾಗ ಯಾವುದೆಂದು ನನಗೆ ಒಂದು ವಾರ ಮೊದಲೇ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಸಾಯುತ್ತಾಳೆ. ಹೆದರಬೇಡ, ನಂಬು ಎಂದು ಯೇಸು ಅವಳ ತಂದೆಗೆ ಹೇಳುತ್ತಾನೆ, ಮನೆಗೆ ಹೋಗಿ ಕೈ ಹಿಡಿದು ಅವಳನ್ನು ಎಬ್ಬಿಸುತ್ತಾನೆ. ಇದನ್ನು ಬಿಟ್ಟು ಮುಂದಿನದಕ್ಕೆ ಹೋಗೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ನಾನು ಪಾಠ ಹಾರಿಸಿದವಳೇ ಅಲ್ಲ. ಅವಳಿಗೆ ಸಮಾಧಾನವಾದರೂ ಆಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ದಡ್ಡತನ!

ಓದಿ ಮುಗಿಸಿ ನಾನು ಕೇಳಿದೆ: "ಯೇಸು ಆ ತಂದೆಯಿಂದ ಬಯಸಿದ್ದು ಏನು?"

ಕಂಡಕ್ಟರರು ಆವತ್ತು "ನಂಬಿಕೆ" ಎಂದರು. ಅವರ ಬಾಯಲ್ಲಿ ಬೇರೆ ಉತ್ತರ ಬಂತಲ್ಲ ಎಂದು ನಾನು ಖುಷಿಪಡುತ್ತಿರುವಾಗ ಅವಳು ಕೈ ಎತ್ತಿದಳು. ಶಾಲೆಯಲ್ಲಿ ಎತ್ತುತ್ತಿದ್ದ ಹಾಗೇ.

"ಟೀಚರ್, ನಾನೂ ನಂಬಿದ್ದೆ. ನನ್ನ ಹೆಣ್ಣ್ ಏಳ್ಲಿಲ್ಲೆ ಅಲ್ದಾ? ನನ್ನ ನಂಬಿಕೆಯಗೆ ಎಂತ ಕಮ್ಮಿ ಆಯ್ತ್?"

ನರ್ಸ್ ತನ್ನ ಕೈ ನೋಡಿಕೊಂಡಳು. ನನಗೆ ಹೆದರಿಕೆಯಾಗಿತ್ತು, ಬೇರೇನೂ ಅಲ್ಲ. ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲಿಲ್ಲ. ಬಂದದ್ದು ತರಬೇತಿಯಲ್ಲಿ ಕಲಿತದ್ದು.

"ಇವತ್ತಿನ ಭಾಗದಗೆ ಎಂತ ಇತ್ತ್, ಅದನ್ನ್ ಮಾತ್ರ ಕಾಂಬ, ಆಯ್ತಾ?" ಎಂದೆ. ಮೆಲ್ಲನೆಯೇ ಹೇಳಿದೆ, ನಗುತ್ತಲೇ ಹೇಳಿದೆ.

ಅವಳು ತಲೆಯಾಡಿಸಿ ಬೈಬಲಿನ ಮೇಲೆ ಬೆರಳಿಟ್ಟು ಸಾಲು ಹುಡುಕಿದಳು. "ಅಪ್ಪ ನಂಬ್ದ, ಮಗು ಎದ್ದ್ತ್," ಎಂದಳು.

"ಸರಿ," ಎಂದುಬಿಟ್ಟೆ ನಾನು.

ಅವಳು ಸಿಟ್ಟು ಮಾಡಿಕೊಂಡು ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಅದರ ನಂತರವೂ ನಾಲ್ಕು ಗುರುವಾರ ಬಂದಳು, ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಸರಿ ಉತ್ತರ ಹೇಳಿದಳು. ಆಮೇಲೆ ನಿಂತಳು. ಶಾಲೆ ಶುರುವಾಗುವ ಸಮಯ, ಯೂನಿಫಾರ್ಮ್ ಹೊಲಿಯುವ ಗಡಿಬಿಡಿ ಇರಬಹುದು ಎಂದುಕೊಂಡೆ. ಮಳೆ ಮುಗಿಯಿತು, ಕ್ರಿಸ್‌ಮಸ್ ಕಳೆಯಿತು. ಮೆಸೇಜು ಹಾಕಿದರೆ "ಬತ್ತೆ ಟೀಚರ್" ಎಂದು ಉತ್ತರ. ತೆಕ್ಕಟ್ಟೆಯ ಮೇಲಾಗಿ ಬಸ್ಸಿನಲ್ಲಿ ಹೋಗುವಾಗ ನಾನು ಬೇಕೆಂದೇ ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ.

ಒಂದು ವರ್ಷ ಹೀಗೇ ಹೋಯಿತು. ಈಚೀಚೆಗೆ ಪ್ರಾರ್ಥನೆಗೆ ಕೂತರೆ ಅವಳ ಎತ್ತಿದ ಕೈ ಮಾತ್ರ ಕಾಣುತ್ತಿತ್ತು. ಕಳೆದ ವಾರ ಕಪಾಟಿನಿಂದ ಒಂದು ಬ್ಲೌಸ್ ಪೀಸ್ ತೆಗೆದುಕೊಂಡು, ಅದೇ ನೆಪ ಮಾಡಿಕೊಂಡು ಅವಳ ಅಂಗಡಿಗೆ ಹೋದೆ.

"ಬನ್ನಿ ಟೀಚರ್, ಕೂಕಣಿ," ಎಂದಳು. ನಗುಮುಖ. ಬಟ್ಟೆ ಮುಟ್ಟಿ ನೋಡಿ ಒಳ್ಳೆಯದಿದೆ ಎಂದಳು. ಟೇಪು ತೆಗೆದು ಅಳತೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಬೆನ್ನಿನ ಅಳತೆಗೆ ನಾನು ತಿರುಗಿ ನಿಂತಿದ್ದಾಗ, ಅವಳ ಮುಖ ಕಾಣದ ಧೈರ್ಯದಲ್ಲಿ ಹೇಳಿದೆ: "ಅಂದ್ ನೀ ಕೇಂಡದ್ದ್ ಪ್ರಶ್ನೆ... ನಾನ್ ಹಾಂಗ್ ಮಾಡಿದ್ದ್ ತಪ್ಪಾಯ್ತ್."

"ಅದ್ರ ಉತ್ತರ ನಂಗೆ ಸಿಕ್ತ್ ಟೀಚರ್," ಎಂದಳು. "ನಿಮ್ಗೆ ಗೊತ್ತಿದ್ದಿತ್ತ್. ಎಲ್ರ ಎದ್ರಿಗೆ ಹೇಳ್ರೆ ನಂಗೆ ಬೇಜಾರ್ ಆತ್ತ್ ಅಂದೇಳಿ ಬಿಟ್ರಿ. ಶಾಲಿಯಗೂ ನೀವ್ ಹಾಂಗೇ ಅಲ್ದಾ, ಉತ್ತರ ನೀವೇ ಹುಡ್ಕಿ ಅಂತಿದ್ರಿ. ನಾನ್ ಹುಡ್ಕ್ದೆ."

ಟೇಪು ನನ್ನ ಭುಜದ ಮೇಲೆ ಹಾಗೇ ಇತ್ತು. ಅವಳು ಲೆಕ್ಕದ ಒಂದು ಹಂತ ವಿವರಿಸುವವಳ ಹಾಗೆ ನಿಧಾನಕ್ಕೆ ಹೇಳಿದಳು.

"ಒಂಬತ್ತ್ನೇ ದಿನ ಬಟ್ಟೆ ಕೊಂಡ್ಹೋಪುಕೆ ಅಂದೇಳಿ ಆಸ್ಪತ್ರಿಂದ ಮನಿಗ್ ಬಂದಿದ್ದೆ. ಅವ್ಳ ಹೊಸ ಚೂಡಿದಾರ ಅರ್ಧ ಹೊಲ್ದದ್ದ್ ಮಿಷನ್ನಿನ ಮೇಲೇ ಇದ್ದಿತ್ತ್. ನಾನ್ ಅದನ್ನ್ ತೆಗ್ದ್, ಮಡ್ಚಿ, ಕಪಾಟಿನಗೆ ಇಟ್ಟೆ. ಅವ್ಳ್ ಎದ್ದ್ ಮನಿಗ್ ಬತ್ಲ್ ಅಂದೇಳಿ ನಂಬಿದ್ರೆ ಮಡ್ಚಿ ಇಡ್ತಿದ್ನಾ? ಹೊಲ್ದ್ ಮುಗಿಸ್ತಿದ್ದೆ. ಅಲ್ಲೇ ನನ್ನ ನಂಬಿಕೆ ತಪ್ಪಿದ್ದ್. ಎರಡ್ ದಿನಕ್ಕೆ ಅವ್ಳ್ ಹೋದ್ಲ್. ಸರಿ ಅಲ್ದಾ ಟೀಚರ್?"

ಈ ಸಲ ನಾನು ಕಾಯಲಿಲ್ಲ. ಗಕ್ಕನೆ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಅಲ್ಲ ಎಂದೆ. ನನಗೆ ಉತ್ತರ ಗೊತ್ತೇ ಇರಲಿಲ್ಲ ಎಂದೆ, ಇವತ್ತಿಗೂ ಗೊತ್ತಿಲ್ಲ, ಹೆದರಿ ಮಾತು ತಪ್ಪಿಸಿದೆ, ದಿನಾ ಮೆಸೇಜು ಹಾಕಿದ್ದೂ ನನ್ನದೇ ತಪ್ಪು, ನಿನ್ನದು ಎಂಥದೂ ತಪ್ಪಿಲ್ಲ, ಒಂದು ಬಟ್ಟೆ ಮಡಿಸಿಟ್ಟದ್ದಕ್ಕೆ ಯಾವ ದೇವರೂ ಮಗುವನ್ನು ಕರೆದುಕೊಳ್ಳುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನಾನೇ ಅತ್ತೆ. ಅವಳು ಅಳಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿ ನೀರು ಕೊಟ್ಟಳು.

"ನೀವ್ ಒಳ್ಳೇರ್ ಟೀಚರ್," ಎಂದಳು. "ಅದ್ಕೇ ಹಾಂಗ್ ಹೇಳ್ತ್ರಿ."

ನಾನು ನೀರು ಕುಡಿದು ಮುಗಿಸುವ ತನಕ ಕಾದು, ತೋಳಿನ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡಳು. ಶನಿವಾರಕ್ಕೆ ಆಗುತ್ತದೆ ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ "ಅಲ್ಲ ಮಗಾ, ಅಲ್ಲ" ಎಂದೆ. ಅವಳು ಹೌದೆನ್ನುವ ಹಾಗೆ ತಲೆಯಾಡಿಸಿದಳು. ನನ್ನ ಮಾತನ್ನು ಅವಳು ನಂಬಲಿಲ್ಲ.