ಮ್ಯಾನೇಜರ್ ಸ್ವಿಚ್ ಆರಿಸಿದರು, ನನ್ನ ಇಂಡೆಕ್ಸ್ ಎದ್ದು ಕೂತಿತು

ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಯಾರಾದರೂ ನಿಮ್ಮ ಕಣ್ಣೆದುರೇ ಕೆಡಿಸಲು ನೋಡಿದ್ದಾರಾ? ನನಗೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಹಾಗಾಯಿತು.

ಅಲ್ಲಿನ ಯಂತ್ರದ ದಾಖಲೆಗಳೆಲ್ಲ ಕರೆಂಟ್ ಹೋದರೂ ಮರೆಯದ ಫ್ಲ್ಯಾಶ್ ಚಿಪ್‌ನಲ್ಲಿರುತ್ತವೆ. ಬೇಕಾದ್ದನ್ನು ಥಟ್ಟನೆ ಹುಡುಕಿಕೊಡುವ ಇಂಡೆಕ್ಸ್ ಮಾಡುವುದು ನನ್ನ ಕೆಲಸ. ಫ್ಲ್ಯಾಶ್‌ನದು ಒಂದೇ ಹಟ: ಇದ್ದಲ್ಲೇ ಚೂರು ತಿದ್ದಬೇಕೆಂದರೂ ಸುತ್ತಲಿನ ಇಡೀ ಬ್ಲಾಕ್ ಅಳಿಸಬೇಕು, ಅಳಿಸಿದಷ್ಟೂ ಅದು ಸವೆಯುತ್ತದೆ. ಅದಕ್ಕೇ ಇಂಡೆಕ್ಸಿನ ತಿದ್ದುಪಡಿಗಳನ್ನು ರ‍್ಯಾಮ್‌ನಲ್ಲಿ ಕೂಡಿಟ್ಟು ಒಟ್ಟಿಗೆ ಬರೆಸುತ್ತಿದ್ದೆ.

"ಕರೆಂಟ್ ಹೋದ್ರೆ ಕೂಡಿಟ್ಟಿದ್ದೆಲ್ಲ ಗೋತಾ ಅಲ್ವಾ ಮೇಡಂ?" ಎಂದು ಸಹೋದ್ಯೋಗಿ ದಿನಾ ಕಾಡುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದೇ, ಚಿಪ್‌ನಲ್ಲಿರುವ ದಾಖಲೆಗಳನ್ನು ಓದಿ ಇಂಡೆಕ್ಸ್ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವಂತೆ ಮಾಡಿದೆ.

ಅವನೂ ನಾನೂ ಕೆಲಸ ಒಪ್ಪಿಸಲು ಹೋದ ದಿನ ಕಾರ್ಖಾನೆಯ ಮ್ಯಾನೇಜರ್ ಹೇಳದೆ ಕೇಳದೆ ಮೇನ್ ಸ್ವಿಚ್ ಆರಿಸಿದರು.

"ಅಯ್ಯೋ, ಏನ್ ಸಾರ್ ಮಾಡ್ಬುಟ್ರಿ!" ಎಂದು ಕೂಗಿದೆ.

"ಇಲ್ಲಿ ಕರೆಂಟು ನಿಮ್ಮನ್ನ ಕೇಳ್ಕೊಂಡು ಹೋಗಲ್ಲ ಕಣ್ರೀ. ಈಗ ಹುಡುಕಿ, ನೋಡನ."

ಮತ್ತೆ ಆನ್ ಮಾಡಿದಾಗ ಪರದೆ ಖಾಲಿ. ಸ್ವಲ್ಪ ಹೊತ್ತಿಗೆ ದಾಖಲೆಗಳು ಸಾಲಾಗಿ ಬಂದವು, ಸ್ವಿಚ್ ಆರುವ ಮುಂಚಿನ ಕೊನೆಯದೂ ಸೇರಿ.

"ಪರ್ವಾಗಿಲ್ವೇ! ಊಟ ಮಾಡ್ಕೊಂಡೇ ಹೋಗಿ" ಎಂದರು ಮ್ಯಾನೇಜರ್.

"ಒಬ್ಬಟ್ಟಿದ್ಯಾ ಸಾರ್?" ಎಂದ ನಮ್ಮವನು, ನಾಚಿಕೆಯಿಲ್ಲದೆ.

ನಿಮಗೆ ಹೀಗೆ ಬೆವರಿಳಿಸಿದ ಗಿರಾಕಿಯ ಕತೆ ಇದ್ದರೆ ಕೆಳಗೆ ಬರೆಯಿರಿ, ಓದಿ ನಗೋಣ.