ಎರಡು ಕಡೆ ಹೇಳಿಟ್ಟು ಹೋಗುತ್ತಿದ್ದ ಅಪ್ಪ

ಸ್ನೇಹಿತರೇ, ಹೋದ ವಾರ ಗೆಳೆಯ ರಫೀಕನ ಜೊತೆ ಜಗಳವಾಯಿತು. ಕೊಟ್ಟೂರಿನ ನಮ್ಮ ಪಂಪ್‌ಸೆಟ್ ಅಂಗಡಿಯ ಡೊಮೇನಿಗೆ, ಅಂದರೆ ವೆಬ್‌ಸೈಟಿನ ಹೆಸರಿಗೆ, ಎರಡು ನೇಮ್ ಸರ್ವರ್ ಬೇಕಿತ್ತು. ಆ ಹೆಸರು ಹಿಡಿದು ಬಂದವರಿಗೆ ವಿಳಾಸ ಹೇಳುವುದೇ ಅವುಗಳ ಕೆಲಸ; ಒಂದು ನಿಂತರೆ ಇನ್ನೊಂದು ಹೇಳಬೇಕು. ಎರಡನ್ನೂ ಅಂಗಡಿಯಲ್ಲೇ ಇಡುತ್ತೇನೆ ಎಂದೆ.

"ನಿಮ್ಮಪ್ಪಾರು ಹಿಂಗ ಮಾಡಿದ್ರೇನಲೇ?" ಎಂದ ರಫೀಕ.

ಎಂಬತ್ತರ ದಶಕದಲ್ಲಿ ಮೋಟಾರ್ ರಿಪೇರಿಗೆ ಊರೂರು ತಿರುಗುತ್ತಿದ್ದ ಅಪ್ಪ, ಅಂದು ಹೋಗುವ ಊರನ್ನು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲೂ ರಫೀಕನ ತಂದೆಯ ಸೈಕಲ್ ಅಂಗಡಿಯಲ್ಲೂ ಹೇಳಿ ಹೋಗುತ್ತಿದ್ದ. ಅಮ್ಮನಿಗೆ ಕಾಯಿಲೆ ಜೋರಾದ ದಿನ ಹೋಟೆಲ್ ಮುಚ್ಚಿತ್ತು. "ಚಿಗಟೇರಿಗೆ ಹೋಗ್ಯಾರ" ಎಂದು ಸೈಕಲ್ ಅಂಗಡಿಯವರು ಹೇಳಿದ್ದರಿಂದ, ಅವಳು ಕಣ್ಣು ಮುಚ್ಚುವ ಮೊದಲು ಅಪ್ಪ ಮನೆ ಮುಟ್ಟಿದ.

ಎರಡನೆಯ ಸರ್ವರನ್ನು ಹಡಗಲಿಯಲ್ಲಿರುವ ರಫೀಕನ ತಮ್ಮನ ಅಂಗಡಿಯಲ್ಲಿಟ್ಟೆವು.

ಇದನ್ನು ಬರೆಯುವಾಗ ಇಲ್ಲಿ ಕರೆಂಟ್ ಹೋಗಿ ಅಂಗಡಿಯ ಸರ್ವರ್ ನಿಂತಿದೆ. ನಮ್ಮನ್ನು ಕೇಳಿಕೊಂಡು ಬಂದವರಿಗೆ ಇವತ್ತೂ ರಫೀಕನ ಮನೆಯವರೇ ದಾರಿ ಹೇಳುತ್ತಿದ್ದಾರೆ.