ಎಂಆರ್‌ಐ ಕೋಣೆಗೆ ಬಂದ ಬೆಳ್ಳಿ ಕರಡಿಗೆ

ಬಾಗಲಕೋಟೆಯ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಾಡುವವಳು ನಾನು. ಆ ಅಯಸ್ಕಾಂತದ ಕೋಣೆಯೊಳಗೆ ಲೋಹ ಒಯ್ಯುವಂತಿಲ್ಲ. ಅಂದು ಇಳಕಲ್ಲಿನಿಂದ ಬಂದಿದ್ದ ಒಬ್ಬ ಅಕ್ಕನಿಗೆ ಕ್ಯಾನ್ಸರಿನಿಂದ ಒಂದು ಸ್ತನ ಹೋಗಿ, ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಕೂಡಿಸಿದ್ದರು. ಅದು ಒಳಗೆ ಒಡೆದಿದೆಯೇ ಎಂದು ನೋಡಬೇಕಿತ್ತು. ಬಳೆ, ತಾಳಿ ಎಲ್ಲ ತೆಗೆದರು. ಇಷ್ಟಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆಗೆ ಮಾತ್ರ ಕೈ ಅಡ್ಡ ಹಿಡಿದರು.

"ಲಿಂಗ ಮೈ ಬಿಟ್ಟು ಇರಬಾರ್ದು ತಂಗಿ."

"ಕರಡಗಿ ಅಷ್ಟ ಕೊಡ್ರಿ ಅಕ್ಕಾರ. ಲಿಂಗ ಅರಿವ್ಯಾಗ ಸುತ್ತಿ ರಟ್ಟಿಗೆ ಕಟ್ಕೋರಿ."

ಸಣ್ಣ ಅಯಸ್ಕಾಂತ ಹಿಡಿದು ನೋಡಿದೆ, ಲಿಂಗಕ್ಕೆ ಅಂಟಲಿಲ್ಲ. ಅವರು ಅದನ್ನು ಕಟ್ಟಿಕೊಂಡು, ಎದೆಯತ್ತ ಬೆರಳು ಮಾಡಿ ಮೆಲ್ಲಗೆ ಕೇಳಿದರು.

"ಇದರಾಗೂ ಲೋಹ ಐತಂತ ಮೊಬೈಲಿನ್ಯಾಗ ಓದೇನಿ. ಮಷೀನ ಎಳೀತೈತೇನು? ರಕ್ತಕ್ಕ ಸೇರತೈತೇನು?"

"ಎಳಿಯೂದಿಲ್ರಿ. ತಯಾರ ಮಾಡುಮುಂದ ಪ್ಲಾಟಿನಂ ಹಾಕ್ತಾರ, ಚೂರ ಉಳೀತೈತಿ. ಅಷ್ಟರಿಂದ ತೊಂದ್ರಿ ಕಂಡಿಲ್ಲಂತ ಡಾಕ್ಟರ್ ಹೇಳ್ತಾರ. ಸಿಲಿಕೋನಿಗೆ ಮೂಲ ಅಂದ್ರ ಮರಳು."

"ಮರಳು? ನಮ್ಮ ಹೊಳಿದಂಡಿ ಮರಳಿನಂಥಾದ್ದು?"

"ಹೌದ್ರಿ."

ಬಾದಾಮಿಯ ಬಂಡೆಗಳು ಸವೆದು ಆಗುವಂಥ ಮರಳು ಒಂದು ಹೆಣ್ಣಿನ ಎದೆಯೊಳಗೆ ಇಷ್ಟು ಮೆತ್ತಗೆ ಕೂತಿದೆಯಲ್ಲ ಎಂದು ನನಗೇ ಮೈ ಜುಮ್ಮೆಂದಿತು.

ಸ್ಕ್ಯಾನ್ ಮುಗಿಯುವವರೆಗೂ ಮಷೀನು ಢಣಢಣ ಬಡಿಯಿತು. ಇಂಪ್ಲಾಂಟ್ ಒಡೆದಿಲ್ಲವೆಂದು ಡಾಕ್ಟರು ಹೇಳಿದರು. ಲಿಂಗವನ್ನು ಕರಡಿಗೆಗೆ ಸೇರಿಸುತ್ತ ಅಕ್ಕ ನಕ್ಕರು.

"ಹೊರಗಿಂದೂ ಕಲ್ಲ, ಒಳಗಿಂದೂ ಕಲ್ಲ. ನಾ ಪೂಜಾ ಮಾಡೂದು ಒಂದಕ್ಕ ಅಷ್ಟ. ಇನ್ನೊಂದಕ್ಕ ನಿಮ್ಮ ಮಷೀನ ಇಷ್ಟೊತ್ತು ಜಾಗಟಿ ಬಾರಿಸ್ತಲ್ಲ, ಸಾಕು."